ಡ್ರೋನ್ ಮೇಲೇರಿದಾಗ ನಡುಗುವ ಕೈ

(ಪುಣೆಯ ಬಳಿಯ ಚಿಂಚವಡದಲ್ಲಿ ಪತಿಯೊಂದಿಗೆ ಫೋಟೋ ಸ್ಟುಡಿಯೋ ನಡೆಸುತ್ತಿರುವ ಓದುಗರೊಬ್ಬರ ಪತ್ರದ ಸಾರ: ಮದುವೆ, ಮುಂಜಿಗಳ ಚಿತ್ರೀಕರಣಕ್ಕೆಂದು ಡ್ರೋನ್ ಕೊಂಡಿದ್ದೇವೆ. ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವಳು ನಾನು. ಆದರೆ ಡ್ರೋನ್ ನೆಲ ಬಿಟ್ಟ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಬೆರಳು ಬಿಗಿಯುತ್ತದೆ. ನಮ್ಮ ಕಟ್ಟಡದ ತಾರಸಿಯ ಮೇಲೆ ಅಭ್ಯಾಸ ಮಾಡುವಾಗ ಅದು ತಾನಾಗಿಯೇ ಓರೆಯಾಗಿ ಸುತ್ತತೊಡಗಿತು. ಯಜಮಾನರು ರಿಮೋಟ್ ಕಸಿದುಕೊಂಡು ಇಳಿಸಿದರು. ಅಂದಿನಿಂದ ಅದರ ಪೆಟ್ಟಿಗೆ ತೆರೆದಿಲ್ಲ. ತುಳಸಿ ಲಗ್ನವಾದ ಮೇಲೆ ಮದುವೆಗಳ ಸುಗ್ಗಿ. ಅಷ್ಟರೊಳಗೆ ಈ ಭಯ ಹೋದೀತೇ?)

ಪ್ರಿಯ ಸೋದರಿ,

ತಾರಸಿಯ ಮೇಲೆ ಆ ದಿನ ನಿಮಗಾದ ಭಯದಲ್ಲಿ ಅರ್ಧದಷ್ಟು ನ್ಯಾಯವಾದದ್ದೇ ಎಂದು ಮೊದಲಿಗೆ ಹೇಳಿಬಿಡುತ್ತೇನೆ. ಡ್ರೋನ್ ತಾನಾಗಿಯೇ ಓರೆಯಾಗಿ ಸುತ್ತತೊಡಗಿತು ಎಂದು ನೀವು ಬರೆದಿದ್ದೀರಿ. ಅದು ನಿಮ್ಮ ಬೆರಳಿನ ತಪ್ಪಾಗಿರುವ ಸಂಭವ ಕಡಿಮೆ. ಕಾಂಕ್ರೀಟ್ ತಾರಸಿಯ ಒಳಗೆ ಹೆಣೆದ ಕಬ್ಬಿಣದ ಸರಳುಗಳು ಡ್ರೋನಿನೊಳಗಿನ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತವೆ. ತಾನು ಸರಿದದ್ದು ಎಷ್ಟು ದೂರ ಎಂಬುದನ್ನು ಜಿಪಿಎಸ್ ಸರಿಯಾಗಿಯೇ ತಿಳಿಸಿದರೂ ಯಾವ ಕಡೆಗೆ ಮರಳಬೇಕೆಂಬ ಲೆಕ್ಕ ದಿಕ್ಸೂಚಿಯಿಂದಾಗಿ ತಪ್ಪುತ್ತದೆ. ಆಗ ಡ್ರೋನ್ ತನ್ನನ್ನು ಸರಿಪಡಿಸಿಕೊಳ್ಳಲು ಹೋಗಿ ಇನ್ನಷ್ಟು ಜಾರುತ್ತದೆ, ಆ ಸುತ್ತು ಕ್ರಮೇಣ ದೊಡ್ಡದಾಗುತ್ತದೆ. ಸುತ್ತಮುತ್ತ ಎತ್ತರದ ಕಟ್ಟಡಗಳಿದ್ದರೆ ಉಪಗ್ರಹಗಳ ಸಂಕೇತವೂ ಸರಿಯಾಗಿ ಸಿಗುವುದಿಲ್ಲ. ಇಂಥ ಜಾಗದಲ್ಲಿ ನುರಿತವರ ಎದೆಯೂ ಡವಗುಟ್ಟುತ್ತದೆ. ಆದ್ದರಿಂದ ತಾರಸಿ, ಕಾರಿನ ಬಾನೆಟ್, ಚರಂಡಿಯ ಕಬ್ಬಿಣದ ಮುಚ್ಚಳ ಇವುಗಳ ಮೇಲಿಂದ ಡ್ರೋನ್ ಏರಿಸುವುದನ್ನು ಇಂದಿಗೇ ಬಿಡಿ.

ಬಯಲಿಗೆ ಹೋಗುವ ಮುನ್ನ ಕಾನೂನಿನ ಮಾತೊಂದನ್ನು ಮುಗಿಸಿಬಿಡೋಣ, ಏಕೆಂದರೆ ಯಾರಾದರೂ ಬಂದು ಗದರಿಸಿಯಾರು ಎಂಬ ಅಳುಕೂ ಕೈಯನ್ನು ನಡುಗಿಸುತ್ತದೆ. 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿವೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿಯವರೆಗೆ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ದೂರದ ಪಟ್ಟಿಯಲ್ಲಿ 200 ಅಡಿಯವರೆಗೆ ಅನುಮತಿ ಕೇಳದೆ ಹಾರಿಸಬಹುದು. ಪುಣೆಯಾದರೋ ಸೈನ್ಯದ ಊರು, ಎಲ್ಲ ಜಾಗವೂ ಹಸಿರಲ್ಲ. ಲೋಹಗಾಂವದಲ್ಲಿ ವಾಯುಪಡೆಯ ನೆಲೆ, ಖಡಕವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ), ನಿಮ್ಮ ಚಿಂಚವಡದ ಮಗ್ಗುಲಲ್ಲೇ ದೇಹೂ ರೋಡ್ ದಂಡುಪ್ರದೇಶ. ಡಿಜಿಟಲ್ ಸ್ಕೈ ಎಂಬ ಸರ್ಕಾರದ ಅಂತರ್ಜಾಲ ನಕ್ಷೆಯಲ್ಲಿ ಜಾಗವನ್ನು ನೋಡಿಕೊಂಡು, ಪೊಲೀಸರ ತಾತ್ಕಾಲಿಕ ನಿಷೇಧಾಜ್ಞೆ ಏನಾದರೂ ಇದೆಯೇ ಎಂದು ಠಾಣೆಯಲ್ಲಿ ವಿಚಾರಿಸಿ, ಊರಾಚೆ ಪರಿಚಿತರ ಹೊಲವೊಂದನ್ನು ಗೊತ್ತು ಮಾಡಿಕೊಳ್ಳಿ. ನೀವು ಪ್ರಮಾಣಪತ್ರ ಪಡೆದದ್ದು ಒಳ್ಳೆಯದಾಯಿತು; 250 ಗ್ರಾಮಿನಿಂದ 2 ಕಿಲೋವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸುವವರಿಗೆ ಅದು ಬೇಕಿಲ್ಲವಾದರೂ ಹಣಕ್ಕಾಗಿ ಚಿತ್ರೀಕರಿಸುವವರಿಗೆ ಬೇಕೇ ಬೇಕು. ಮದುವೆ ಮನೆಗಳಲ್ಲಿ ಈ ನಿಯಮವನ್ನು ಯಾರೂ ಕೇಳುವುದಿಲ್ಲವೆಂಬ ಧೈರ್ಯದಲ್ಲಿ ಎಷ್ಟೋ ಜನ ಹಾರಿಸುತ್ತಿದ್ದಾರೆ, ಆ ಮಾತು ಬೇರೆ.

ಇನ್ನು ಭಯದ ಉಳಿದರ್ಧ. ನನ್ನ ತಿಳಿವಳಿಕೆಯ ಮಟ್ಟಿಗೆ ಹೊಸಬರ ಕೈ ನಡುಗುವುದು ಡ್ರೋನ್ ಬಿದ್ದೀತೆಂಬ ಒಂದೇ ಕಾರಣಕ್ಕಲ್ಲ. ತಾವು ಏನೂ ಮಾಡದಿದ್ದರೆ ಅದು ಏನು ಮಾಡುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ತರಬೇತಿಯಲ್ಲಿ ಸ್ಟಿಕ್ (ಡ್ರೋನನ್ನು ನಡೆಸುವ ರಿಮೋಟಿನ ಪುಟ್ಟ ಹಿಡಿ) ಒತ್ತುವುದನ್ನು ಕಲಿಸುತ್ತಾರೆ, ಬಿಡುವುದನ್ನು ಕಲಿಸುವವರು ಕಡಿಮೆ. ಆದ್ದರಿಂದ ನಿಮ್ಮ ಮೊದಲ ಪಾಠ ಹೀಗಿರಲಿ. ಗಾಳಿ ಏಳುವ ಮುನ್ನ, ಬೆಳಗಿನ ಹೊತ್ತಿನಲ್ಲಿ, ಹೊಲದ ನಡುವೆ ಡ್ರೋನನ್ನು ಅದರ ಬೆನ್ನು ನಿಮ್ಮ ಕಡೆಗಿರುವಂತೆ ಇಟ್ಟು, ಸಾಕಷ್ಟು ಉಪಗ್ರಹಗಳು ಸಿಕ್ಕಿ ಹೋಮ್ ಪಾಯಿಂಟ್, ಅಂದರೆ ಡ್ರೋನ್ ಮರಳಿ ಬರಬೇಕಾದ ಜಾಗ, ದಾಖಲಾದ ಸೂಚನೆ ಬರುವವರೆಗೆ ಕಾದು, ಆಮೇಲೆ ಏರಿಸಿ. ಅಂಜುವವರು ಸಾಮಾನ್ಯವಾಗಿ ಒಂದಡಿ ಎತ್ತರದಲ್ಲೇ ನಿಲ್ಲಿಸಿಕೊಂಡು ಪರದಾಡುತ್ತಾರೆ. ಅದೇ ಅತ್ಯಂತ ಕೆಟ್ಟ ಜಾಗ, ಏಕೆಂದರೆ ರೆಕ್ಕೆಗಳು ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಹಿಂದಿರುಗಿ ಡ್ರೋನನ್ನು ಅಲುಗಾಡಿಸುತ್ತದೆ. ತಡಮಾಡದೆ ಆಳೆತ್ತರಕ್ಕಿಂತ ಮೇಲೆ ಒಯ್ದು, ಎರಡೂ ಸ್ಟಿಕ್ಕುಗಳಿಂದ ಬೆರಳನ್ನು ಪೂರ್ತಿ ತೆಗೆದುಬಿಡಿ. ದಿಕ್ಸೂಚಿ, ಜಿಪಿಎಸ್ ಸರಿಯಿದ್ದರೆ ಡ್ರೋನ್ ನಿಂತಲ್ಲೇ ನಿಲ್ಲುತ್ತದೆ. ಬಳಿಕ ಸ್ವಲ್ಪ ಮುಂದಕ್ಕೆ ನಡೆಸಿ, ನಡುವೆಯೇ ಬಿಡಿ, ಎಡಕ್ಕೆ ನಡೆಸಿ, ಬಿಡಿ, ಏರಿಸುತ್ತಿರುವಾಗಲೇ ಬಿಡಿ. ವೇಗದಲ್ಲಿದ್ದರೆ ನಿಲ್ಲುವ ಮುನ್ನ ಎಷ್ಟು ದೂರ ಜಾರುತ್ತದೆ ಎಂಬುದನ್ನೂ ಕಣ್ಣಿಂದ ಅಳೆದುಕೊಳ್ಳಿ. ಒಂದಿಡೀ ಬ್ಯಾಟರಿ ಇದಕ್ಕೇ ಖರ್ಚಾದರೂ ಚಿಂತೆಯಿಲ್ಲ. ಗಾಬರಿಯಾದಾಗ ಬೆರಳು ಇನ್ನಷ್ಟು ಒತ್ತುವುದು ದೇಹದ ಸ್ವಭಾವ, ಅದನ್ನು ಬಿಡಿಸಲು ಬುದ್ಧಿವಾದ ಸಾಲದು, ಬೆರಳಿಗೇ ರೂಢಿಯಾಗಬೇಕು. ಸ್ಟಿಕ್ಕಿನ ತುದಿಯ ಮೇಲೆ ಹೆಬ್ಬೆರಳನ್ನಷ್ಟೇ ಇಡುವ ಬದಲು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಗುರಾಗಿ ಹಿಡಿದರೆ ನಡುಕ ಡ್ರೋನಿನವರೆಗೆ ಅಷ್ಟಾಗಿ ಮುಟ್ಟುವುದಿಲ್ಲ.

ಎರಡನೆಯ ದೊಡ್ಡ ಗಾಬರಿ ಹುಟ್ಟುವುದು ಡ್ರೋನಿನ ಮುಖ ನಿಮ್ಮ ಕಡೆಗೆ ತಿರುಗಿದಾಗ. ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕಿರುವ ಹಾಗೆ ಆಗ ಎಡಬಲಗಳೆಲ್ಲ ಅದಲುಬದಲಾಗುತ್ತವೆ. ಬಲಕ್ಕೆ ಒತ್ತಿದರೆ ಡ್ರೋನ್ ನಿಮ್ಮ ಎಡಕ್ಕೆ ಓಡುತ್ತದೆ, ಅದನ್ನು ತಡೆಯಲು ಇನ್ನಷ್ಟು ಬಲಕ್ಕೆ ಒತ್ತುತ್ತೀರಿ, ಮರ ಹತ್ತಿರವಾಗುತ್ತದೆ. ಹಳಬರು ಇದಕ್ಕೊಂದು ಉಪಾಯ ಹೇಳುತ್ತಾರೆ: ಮುಖ ನಿಮ್ಮ ಕಡೆಗಿದ್ದಾಗ ಡ್ರೋನ್ ನಿಮ್ಮ ಯಾವ ಪಕ್ಕಕ್ಕೆ ಜಾರುತ್ತಿದೆಯೋ ಅದೇ ಪಕ್ಕಕ್ಕೆ ಸ್ಟಿಕ್ ಒತ್ತಿದರೆ ಅದು ನಿಲ್ಲುತ್ತದೆ. ಇದನ್ನು ಕಲಿಯಲು ದುಬಾರಿ ಡ್ರೋನ್ ಬೇಕಿಲ್ಲ. 250 ಗ್ರಾಮಿಗಿಂತ ಹಗುರವಾದ, ರೆಕ್ಕೆಗಳ ಸುತ್ತ ಕಾಪುಬಳೆಯಿರುವ, ಜಿಪಿಎಸ್ ಇಲ್ಲದ ಆಟಿಕೆಯ ಡ್ರೋನೊಂದನ್ನು ತಂದು ನಿಮ್ಮ ಸ್ಟುಡಿಯೋದ ಒಳಗೇ ಫ್ಯಾನ್ ಆರಿಸಿ ಹಾರಿಸಿ. ಅದು ತಾನಾಗಿ ನಿಲ್ಲುವುದಿಲ್ಲ, ಗೋಡೆಗೆ ಬಡಿಯುತ್ತದೆ, ಸೋಫಾದ ಕೆಳಗೆ ನುಗ್ಗುತ್ತದೆ. ಬಡಿದರೂ ಹೆಚ್ಚೇನೂ ನಷ್ಟವಿಲ್ಲವೆಂಬ ಧೈರ್ಯದಲ್ಲೇ ಬೆರಳು ಕಲಿಯುತ್ತದೆ. ಮೊದಲು ಬೆನ್ನು ನಿಮ್ಮ ಕಡೆ, ಆಮೇಲೆ ಪಕ್ಕ, ಕೊನೆಗೆ ಮುಖ. ಬಳಿಕ ಚೌಕ, ವೃತ್ತ, ಇಂಗ್ಲಿಷ್ ಎಂಟರ ಆಕಾರ. ಕಂಪ್ಯೂಟರಿನ ಸಿಮ್ಯುಲೇಟರೂ ಆದೀತು, ಆದರೆ ಎದುರಿಗೆ ಹಾರುವ ವಸ್ತುವಿನಿಂದ ಬರುವ ರೂಢಿ ಅದರಿಂದ ಪೂರ್ತಿ ಬಾರದು ಎಂಬುದು ನನ್ನ ಅಭಿಪ್ರಾಯ.

ಉಳಿದವು ಎಚ್ಚರಿಕೆಯ ಮಾತುಗಳು. ರಿಟರ್ನ್ ಟು ಹೋಮ್ ಎತ್ತರವನ್ನು, ಅಂದರೆ ಡ್ರೋನ್ ತಾನಾಗಿ ಹೋಮ್ ಪಾಯಿಂಟಿಗೆ ಮರಳುವಾಗಿನ ಎತ್ತರವನ್ನು, ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಮೇಲಿರುವಂತೆ ಹೊಂದಿಸಿ, ನೀವೇ ಗುಂಡಿ ಒತ್ತಿ ಅದು ಮರಳಿ ಬಂದು ಇಳಿಯುವುದನ್ನು ಒಮ್ಮೆ ಪೂರ್ತಿಯಾಗಿ ನೋಡಿ. ನೋಡದೆ ನಂಬಿದ್ದು ಗಾಬರಿಯ ಹೊತ್ತಿನಲ್ಲಿ ನೆನಪಾಗುವುದಿಲ್ಲ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಇದನ್ನು ತಿರುವುಮುರುವು ಮಾಡಿದವರೇ ಬ್ಯಾಟರಿ ಮುಗಿಯುತ್ತಿರುವಾಗ ದೂರದಲ್ಲಿ ತಿಣುಕುವ ಡ್ರೋನನ್ನು ನೋಡುತ್ತ ಬೆವರುವವರು. ನೂರಕ್ಕೆ ಮೂವತ್ತು ಉಳಿದಾಗ ಇಳಿಸಿಬಿಡಿ. ನೇರ ಕೆಳಕ್ಕೆ ಜೋರಾಗಿ ಇಳಿಸಿದರೆ ಡ್ರೋನ್ ತಾನೇ ತಳ್ಳಿದ ಗಾಳಿಯಲ್ಲಿ ಸಿಕ್ಕಿ ಹೊಯ್ದಾಡುತ್ತದೆ, ಆದ್ದರಿಂದ ಸ್ವಲ್ಪ ಮುಂದಕ್ಕೆ ಸರಿಸುತ್ತ ನಿಧಾನವಾಗಿ ಇಳಿಸಿ.

ಯಜಮಾನರ ವಿಷಯಕ್ಕೆ ಬರುತ್ತೇನೆ. ಈ ಭಾಗವನ್ನು ಅವರಿಗೂ ಓದಿ ಹೇಳಿ. ರಿಮೋಟ್ ಕಸಿದುಕೊಂಡದ್ದು ಡ್ರೋನಿನ ಮೇಲಿನ ಕಾಳಜಿಯಿಂದಲೇ ಇರಬಹುದು, ಆದರೆ ಅದರಿಂದ ನೀವು ಕಲಿತದ್ದು ಅಪಾಯ ಬಂದಾಗ ನಿಮ್ಮ ಕೈಯಿಂದ ಆಗದು ಎಂಬ ಪಾಠವನ್ನು. ಹಾರಾಟ ಮುಗಿಯುವವರೆಗೆ ರಿಮೋಟ್ ಒಬ್ಬರ ಕೈಯಲ್ಲೇ ಇರಲಿ. ಅವರು ಪಕ್ಕದಲ್ಲಿ ನಿಂತು ಆಕಾಶ ನೋಡುತ್ತಿರಲಿ. ‘ಎಡಕ್ಕೆ ತಂತಿ ಇದೆ’, ‘ಹದ್ದು ಬರುತ್ತಿದೆ’, ‘ನಾಯಿ ಬಂತು’ ಎಂದಷ್ಟೇ ಹೇಳಲಿ, ಹೇಗೆ ಹಾರಿಸಬೇಕೆಂಬ ಸಲಹೆ ಡ್ರೋನ್ ಇಳಿದ ಮೇಲೆ ಬರಲಿ. ನೀವೂ ಮಾಡುತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತ ಹಾರಿಸಿ. ನೆಂಟರಿಷ್ಟರನ್ನು, ವಿಡಿಯೋ ಮಾಡಲು ಬರುವ ಮಕ್ಕಳನ್ನು ಸದ್ಯಕ್ಕೆ ಹೊಲಕ್ಕೆ ಕರೆದೊಯ್ಯಬೇಡಿ.

ತುಳಸಿ ಲಗ್ನದೊಳಗೆ ಭಯ ಹೋದೀತೇ ಎಂದು ಕೇಳಿದ್ದೀರಿ. ವಾರಕ್ಕೆ ಎರಡು ಮೂರು ಬೆಳಗು ಹೊಲಕ್ಕೆ ಹೋದರೆ ಬೆರಳಿನ ನಡುಕ ಅಷ್ಟರೊಳಗೆ ಬಹುಮಟ್ಟಿಗೆ ಇಳಿಯಬಹುದು. ಆದರೂ ಈ ಸಲದ ಮದುವೆಗಳಿಗೆ ಡ್ರೋನ್ ಚಿತ್ರೀಕರಣವನ್ನು ನೀವು ಒಪ್ಪಿಕೊಳ್ಳಬಾರದು ಎಂದೇ ನನ್ನ ಖಚಿತ ಸಲಹೆ. ಮಂಗಲ ಕಾರ್ಯಾಲಯದ ಅಂಗಳವೆಂದರೆ ದೀಪದ ಸರಗಳು, ಪೆಂಡಾಲಿನ ಹಗ್ಗಗಳು, ಕೆಳಗೆ ನೂರಾರು ತಲೆಗಳು, ಇನ್ನೂ ಹತ್ತಿರ ತನ್ನಿ ಎಂದು ಒತ್ತಾಯಿಸುವ ವರನ ಸೋದರಮಾವ. ಸಪೂರ ತಂತಿಗಳು ಡ್ರೋನಿನ ಸಂವೇದಕಗಳಿಗೂ ಕಾಣುವುದಿಲ್ಲ. ಮೊದಲ ಹಣದ ಕೆಲಸಕ್ಕೆ ಜನರಿಲ್ಲದ ಜಾಗವನ್ನೇ ಆರಿಸಿಕೊಳ್ಳಿ: ಮಾರಾಟಕ್ಕಿರುವ ನಿವೇಶನ, ರೈತರೊಬ್ಬರ ದ್ರಾಕ್ಷಿ ತೋಟ, ಕಟ್ಟುತ್ತಿರುವ ಶಾಲೆಯ ಮೈದಾನ. ಮದುವೆಗಳಿಗೆ ಈ ವರ್ಷ ಅನುಭವಿ ಡ್ರೋನ್ ಚಾಲಕರೊಬ್ಬರನ್ನು ದಿನಗೂಲಿಯ ಮೇಲೆ ಕರೆಸಿಕೊಂಡು, ನೀವು ಅವರ ಪಕ್ಕದಲ್ಲಿ ನಿಂತು, ಎಲ್ಲಿಂದ ಏರಿಸುತ್ತಾರೆ, ಯಾವಾಗ ಏರಿಸುವುದಿಲ್ಲ ಎಂಬುದನ್ನು ಗಮನಿಸಿ.

— ಸಂಪಾದಕ