ಮಾಲ್ಡೀವ್ಸ್‌ಗೆ ಮೇಷ್ಟ್ರಾಗಿ ಹೋದರೆ, ಭಾರತದ ವಿರುದ್ಧ ಫುಟ್‌ಬಾಲ್ ಪಂದ್ಯ ಇದ್ದ ದಿನ ಯಾರ ಕಡೆ ಇರಬೇಕು?

ದ್ವೀಪದ ಶಾಲೆ, ಸ್ಟಾಫ್ ರೂಮ್ ತುಂಬ ಫುಟ್‌ಬಾಲ್ ಹುಚ್ಚರು, ನೀವೊಬ್ಬರೇ ಭಾರತದವರು. ಭಾರತದ ತಂಡ ಇಷ್ಟ ಅಂತ ಹೇಳಿಕೊಳ್ಳಬೇಕಾ, ಮುಚ್ಚಿಡಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು. 2018ರಲ್ಲಿ ನಾನೂ ಇದೇ ಭಯ ಹೊತ್ತುಕೊಂಡು ಹೋಗಿದ್ದೆ. ಮುಚ್ಚಿಡಲಿಲ್ಲ. ಅದರಿಂದ ಏನೂ ಆಗಲೂ ಇಲ್ಲ. ನನಗೆ ಪೆಟ್ಟು ಬಿದ್ದಿದ್ದು ಬೇರೆ ವಿಷಯಕ್ಕೆ.

ನಾನು ದಾವಣಗೆರೆಯವನು, ಇಂಗ್ಲಿಷ್ ಮೇಷ್ಟ್ರು. ಫುಟ್‌ಬಾಲ್ ಅಂದರೆ ವರ್ಲ್ಡ್ ಕಪ್ ಬಂದಾಗ ಒಂದು ತಿಂಗಳು ನೋಡುವ ಗಿರಾಕಿ. ನನಗೆ ಸಿಕ್ಕ ದ್ವೀಪ ಈ ತುದಿಯಿಂದ ಆ ತುದಿಗೆ ಕಾಲು ಗಂಟೆ ನಡೆದರೆ ಮುಗಿಯುತ್ತಿತ್ತು. ಸಂಜೆ ಅಸರ್ ನಮಾಜ್ ಮುಗಿಸಿ ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಕೇಳುವ ತನಕ ಗಂಡಸರೆಲ್ಲ ಗ್ರೌಂಡಿನಲ್ಲಿ. ಮೀನು ಹಿಡಿಯುವವರು, ಕೌನ್ಸಿಲ್ ಆಫೀಸಿನವರು, ಕರೆಂಟ್ ಆಫೀಸಿನವರು, ಮೇಷ್ಟ್ರುಗಳು. ಅದನ್ನು ಬಿಟ್ಟರೆ ಅಲ್ಲಿ ಸಂಜೆ ಮಾಡಲು ಬೇರೆ ಏನೂ ಇಲ್ಲ. ಸಿನಿಮಾ ಟಾಕೀಸ್ ಇಲ್ಲ, ಪೇಟೆ ಇಲ್ಲ, ಸುಮ್ನೆ ಬಸ್ ಹತ್ತಿ ಪಕ್ಕದ ಊರಿಗೆ ಹೋಗಿಬರೋಣ ಅಂದರೆ ಸುತ್ತ ಸಮುದ್ರ.

ಪಿ.ಟಿ. ಮೇಷ್ಟ್ರು ಒಬ್ಬರಿದ್ದರು. ಊರೆಲ್ಲ ಅವರನ್ನು ಬೇಬೆ ಅನ್ನುತ್ತಿತ್ತು, ನಮ್ಮಲ್ಲಿ ಅಣ್ಣ ಅನ್ನುವ ಹಾಗೆ. ಬಂದ ವಾರದಲ್ಲೇ ನನ್ನ ರೂಮಿನ ಬಾಗಿಲು ಬಡಿದು, 'ಸರ್, ಕೀಪರ್ ಇಲ್ಲ, ಬನ್ನಿ' ಅಂದರು. ನನಗೆ ಆಟ ಬರಲ್ಲ ಅಂದೆ. 'ಅದಕ್ಕೇ ಕೀಪರ್' ಅಂದರು. ಹೀಗೆ ನಾನು ಗೋಲ್‌ಕೀಪರ್ ಆದೆ. ಹೊಡೆಸಿಕೊಂಡ ಗೋಲುಗಳಿಗೆ ಲೆಕ್ಕವಿಲ್ಲ. ಆದರೆ ಊರಿನ ಅರ್ಧ ಜನರ ಹೆಸರು ನನಗೆ ಗೊತ್ತಾಗಿದ್ದು ಆ ಗೋಲ್ ಪೋಸ್ಟಿನ ಕೆಳಗೆ.

ಆ ಸೆಪ್ಟೆಂಬರಿನಲ್ಲಿ ಢಾಕಾದಲ್ಲಿ ಸ್ಯಾಫ್ ಕಪ್ ನಡೆಯಿತು. ದಕ್ಷಿಣ ಏಷ್ಯಾದ ದೇಶಗಳ ಟೂರ್ನಿ. ಮಾಲ್ಡೀವ್ಸ್ ಗುಂಪಿನಲ್ಲಿ ಭಾರತ ಮತ್ತು ಶ್ರೀಲಂಕಾ. ಮಾಲ್ಡೀವ್ಸ್ ಶ್ರೀಲಂಕಾ ಜೊತೆ 0-0 ಡ್ರಾ ಮಾಡಿಕೊಂಡಿತು, ಭಾರತದ ಕೈಲಿ 2-0 ಸೋತಿತು. ಶ್ರೀಲಂಕಾ ಕೂಡ ನಮಗೆ 2-0 ಸೋತಿತ್ತು. ಅಂಕ ಸಮ, ಗೋಲು ಸಮ, ಎಲ್ಲವೂ ಸಮ. ಕೊನೆಗೆ ನಾಣ್ಯ ಚಿಮ್ಮಿದರು. ನಿಜವಾಗಿಯೂ! ನಾಣ್ಯ ಮಾಲ್ಡೀವ್ಸ್ ಕಡೆ ಬಿತ್ತು. ಒಂದೇ ಒಂದು ಗೋಲು ಹೊಡೆಯದೆ ಸೆಮಿಫೈನಲ್ ಸೇರಿದರು.

ನಾನು ಏನು ಮಾಡಿದೆ ಗೊತ್ತಾ? ಅಲ್ಲಿಯ ದುಡ್ಡು ಒಂದು ರುಫಿಯಾ ನಾಣ್ಯದ ಫೋಟೋ ತೆಗೆದು, 'ಮಾಲ್ಡೀವ್ಸ್ ತಂಡದ ಟಾಪ್ ಸ್ಕೋರರ್' ಅಂತ ಬರೆದು ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಇದೇ ನನ್ನ ತಪ್ಪು ಅಂದುಕೊಂಡಿರುತ್ತೀರಿ. ಅಲ್ಲ. ಆ ಜೋಕಿಗೆ ಎಲ್ಲರೂ ಬಿದ್ದುಬಿದ್ದು ನಕ್ಕರು. ಬೇಬೆ ಅದನ್ನು ತಮ್ಮ ಗ್ರೂಪುಗಳಿಗೆಲ್ಲ ಕಳಿಸಿದರು. ತಮ್ಮ ತಂಡವನ್ನು ಅವರು ಬೈಯುವಷ್ಟು ಯಾರೂ ಬೈಯಲ್ಲ. ಕೋಚ್ ಪೆಟರ್ ಸೆಗ್ರ್ಟ್ ಅಂತೂ ಆ ದಿನಗಳಲ್ಲಿ ಪ್ರತಿ ಟೀ ಅಂಗಡಿಯಲ್ಲೂ ಬೈಗುಳ ತಿನ್ನುತ್ತಿದ್ದ. ಅಲಿ ಅಶ್ಫಾಗ್‌ನನ್ನು ತಂಡದಿಂದ ಹೊರಗಿಟ್ಟು ಹೋಗಿದ್ದನಲ್ಲ, ಅದಕ್ಕೆ.

ಅಶ್ಫಾಗ್ ಯಾರು ಅಂತ ಗೊತ್ತಿಲ್ಲದೆ ದಯವಿಟ್ಟು ಅಲ್ಲಿ ಕಾಲಿಡಬೇಡಿ. ಅಲ್ಲಿಯ ಜನ ಅವನನ್ನು ದಗಂಡೇ ಅಂತಾರೆ. 2013ರಲ್ಲಿ ಕಠ್ಮಂಡುವಿನ ಸ್ಯಾಫ್ ಕಪ್‌ನಲ್ಲಿ ಮಾಲ್ಡೀವ್ಸ್ ಶ್ರೀಲಂಕಾವನ್ನು 10-0 ಸೋಲಿಸಿತು. ಅದರಲ್ಲಿ 6 ಗೋಲು ಇವನೊಬ್ಬನದೇ. ಸ್ಯಾಫ್ ಕಪ್‌ನಲ್ಲಿ ಒಟ್ಟು 23 ಗೋಲು ಹೊಡೆದವನು. ನಮ್ಮ ಸುನಿಲ್ ಛೆಟ್ರಿ ಆ ಲೆಕ್ಕಕ್ಕೆ ಸಮ ಬಂದಿದ್ದು 2023ರಲ್ಲಿ, ಬೆಂಗಳೂರಿನಲ್ಲಿ.

ಸೆಮಿಫೈನಲ್‌ನಲ್ಲಿ ನೇಪಾಳದ ಮೇಲೆ 3-0. ಎಲ್ಲಿತ್ತೋ ಆ ಆಟ! ಫೈನಲ್ ಸೆಪ್ಟೆಂಬರ್ 15, ಶನಿವಾರ, ಮತ್ತೆ ಭಾರತದ ಮೇಲೆ.

ಆ ರಾತ್ರಿಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಗೊತ್ತಾಗದಿದ್ದರೆ ನಾನು ಕೆಡಿಸಿದ್ದು ಏನು ಅಂತ ಗೊತ್ತಾಗಲ್ಲ. ಸೆಪ್ಟೆಂಬರ್ 23ಕ್ಕೆ ಅಧ್ಯಕ್ಷರ ಚುನಾವಣೆ. ಊರೆಲ್ಲ ಎರಡು ಬಣ್ಣ, ಹಳದಿ ಮತ್ತು ಗುಲಾಬಿ. ಹಳದಿ ಪಕ್ಷದವರು ಕೂರುವ ಕೆಫೆಗೆ ಗುಲಾಬಿಯವರು ಬರುತ್ತಿರಲಿಲ್ಲ. ಅಣ್ಣ ತಮ್ಮಂದಿರೇ ಮಾತು ಬಿಟ್ಟಿದ್ದರು. ಭಾರತ ಮತ್ತು ಮಾಲ್ಡೀವ್ಸ್ ನಡುವೆಯೂ ಆ ವರ್ಷ ಸರಿಯಿರಲಿಲ್ಲ. ಫೆಬ್ರವರಿಯಲ್ಲಿ ಅಲ್ಲಿ ತುರ್ತು ಪರಿಸ್ಥಿತಿ ಹೇರಿದ ಮೇಲಂತೂ ಜಾಸ್ತಿಯೇ ಹಳಸಿತ್ತು. ಅಂಥ ಹೊತ್ತಿನಲ್ಲಿ, ಆ ಶನಿವಾರ, ಎರಡೂ ಬಣ್ಣದವರು ಒಂದೇ ಟಿವಿ ಮುಂದೆ ಕೂತಿದ್ದರು. ಮಧ್ಯದಲ್ಲಿ ನಾನು, ಭಾರತದ ನೀಲಿ ಜೆರ್ಸಿ ಹಾಕಿಕೊಂಡು. ಯಾರಾದರೂ ಏನಾದರೂ ಅಂದರಾ? ಇಲ್ಲ. ಒಬ್ಬರು ಕುರ್ಚಿ ಕೊಟ್ಟರು. ಇನ್ನೊಬ್ಬರು ಬಜಿಯಾ ತಟ್ಟೆ ಮುಂದೆ ತಳ್ಳಿದರು. ಒಳಗೆ ಮೀನು ಇರುತ್ತೆ, ನೀವು ಸಸ್ಯಾಹಾರಿ ಆದರೆ ಮೊದಲೇ ಕೇಳಿಕೊಳ್ಳಿ.

19ನೇ ನಿಮಿಷಕ್ಕೆ ಇಬ್ರಾಹಿಂ ಮಹುದೀ ಹುಸೇನ್ ಗೋಲು. 66ಕ್ಕೆ ಅಲಿ ಫಾಸಿರ್ ಇನ್ನೊಂದು. ಕೊನೆಯಲ್ಲಿ, ಇಂಜುರಿ ಟೈಮಿನಲ್ಲಿ, ನಮ್ಮ ಸುಮೀತ್ ಪಾಸ್ಸಿ ಒಂದು ಹೊಡೆದ. 2-1. ಮುಗಿಯಿತು. ಮಾತು ಬಿಟ್ಟ ಅಣ್ಣ ತಮ್ಮ ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿದರು. ಬೇಬೆ ಓಡಿ ಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿ, 'ಸರ್, ನೋಡಿದ್ರಾ, ನೋಡಿದ್ರಾ' ಅಂದರು.

ಆಗ ನಾನು ಅಂದೆ, 'ಹೌದು, ಚೆನ್ನಾಗಿ ಆಡಿದ್ರು. ಆದ್ರೆ ನಮ್ದು ಅಂಡರ್ 23 ಟೀಮ್ ಅಲ್ವಾ.'

ಇದು ತಪ್ಪು. ಇಷ್ಟೇ ತಪ್ಪು. ಆದರೆ ಇದನ್ನು ನಾನು ಸರಿಯಾಗಿ ಬಿಡಿಸಿ ಹೇಳಬೇಕು, ಯಾಕಂದರೆ ನನಗೇ ಅರ್ಥವಾಗಲು ವರ್ಷಗಳು ಹಿಡಿದವು. ನಾನು ಹೇಳಿದ್ದು ಸುಳ್ಳಲ್ಲ. ಭಾರತ ಆ ಟೂರ್ನಿಗೆ ಕಳಿಸಿದ್ದು ಬಹುತೇಕ 23ರೊಳಗಿನ ಹುಡುಗರನ್ನೇ. ಛೆಟ್ರಿ ಇರಲಿಲ್ಲ. ಪೇಪರಿನಲ್ಲೆಲ್ಲ ಬಂದಿತ್ತು, ಕೆಫೆಯಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿದ್ದ ವಿಷಯವನ್ನು ನಾನು ಯಾಕೆ ಹೇಳಿದೆ? ಸೋತ ಹೊಟ್ಟೆಯುರಿ ಅಂತ ನೀವು ಅನ್ನಬಹುದು. ಸ್ವಲ್ಪ ಇತ್ತು. ಆದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಾಣ್ಯದ ಜೋಕ್ ಮಾಡಿದಾಗ ನಾನು ಅವರ ಪಕ್ಕದಲ್ಲಿ ನಿಂತು ನಕ್ಕಿದ್ದೆ. ಈ ಮಾತು ಹೇಳಿದಾಗ ಮೇಲಿನಿಂದ ಮಾರ್ಕ್ಸ್ ಹಾಕಿದ್ದೆ. 'ನೀವು ಗೆದ್ದಿದ್ದು ನಿಜವಾದ ಭಾರತದ ಮೇಲಲ್ಲ, ನಿಮ್ಮಂಥ ದೇಶಕ್ಕೆ ಇಷ್ಟು ಸಾಕು' ಅಂತ ಅದರ ಅರ್ಥ. ನಾನು ಹಾಗೆ ಅಂದುಕೊಂಡು ಹೇಳಿರಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಅನಿಸುತ್ತೆ, ಹಾಗೇ ಅಂದುಕೊಂಡಿದ್ದೆ. ಅಲ್ಲಿಯ ಮೂಲ ಜನ ಎಲ್ಲ ಸೇರಿ ನಾಲ್ಕು ಲಕ್ಷದ ಒಳಗೆ. ನಮ್ಮ ದಾವಣಗೆರೆ ಊರೊಂದರಲ್ಲೇ 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ಮೂವತ್ತು ಸಾವಿರ ದಾಟಿತ್ತು. ಆ ಲೆಕ್ಕ ನನ್ನ ತಲೆಯಲ್ಲಿ ಸದಾ ಓಡುತ್ತಿತ್ತು.

ಬೇಬೆ ಭುಜದಿಂದ ಕೈ ತೆಗೆದರು. ಕೋಪ ಮಾಡಿಕೊಳ್ಳಲಿಲ್ಲ. 'ನಮ್ಮಲ್ಲಿ ಅಶ್ಫಾಗ್ ಇರಲಿಲ್ಲ ಸರ್. ನಾವು ಹೇಳಿದ್ವಾ?' ಅಂದು ಹೊರಗೆ ಹೋದರು.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುನಗುತ್ತಲೇ ಮಾತಾಡಿಸಿದರು. ಜಗಳವಿಲ್ಲ, ಚುಚ್ಚು ಮಾತಿಲ್ಲ. ಸಂಜೆ ಬಾಗಿಲು ಬಡಿಯಲಿಲ್ಲ, ಅಷ್ಟೇ. ಅದರ ಮರುದಿನವೂ ಇಲ್ಲ. ನಾನೇ ಗ್ರೌಂಡಿಗೆ ಹೋದೆ. ಗೋಲಿನಲ್ಲಿ ಹತ್ತನೇ ಕ್ಲಾಸಿನ ಹುಡುಗನೊಬ್ಬ ನಿಂತಿದ್ದ. 'ಕೀಪರ್ ಸಿಕ್ಕಿದ್ದಾನೆ ಸರ್' ಅಂದರು. ಕ್ಷಮೆ ಕೇಳಲು ಹೋಗಿ ಅದನ್ನೂ ಹಾಳು ಮಾಡಿದೆ. ನಾನು ಹೇಳಿದ್ದು ಫ್ಯಾಕ್ಟ್, ಆದರೆ ಹೇಳಿದ ಟೈಮ್ ಸರಿಯಿರಲಿಲ್ಲ ಅಂತ ಶುರು ಮಾಡಿದೆ. ಅಂಥ ಕ್ಷಮೆಯನ್ನು ಯಾರು ಒಪ್ಪುತ್ತಾರೆ ಹೇಳಿ? ಉಳಿದ ತಿಂಗಳುಗಳನ್ನು ರೂಮಿನಲ್ಲಿ ಫ್ಯಾನ್ ನೋಡುತ್ತಾ ಕಳೆದೆ. ಕಾಂಟ್ರ್ಯಾಕ್ಟ್ ಮುಂದುವರಿಸುತ್ತೀರಾ ಅಂತ ಶಾಲೆಯವರು ಕೇಳಿದರು. ಬೇಡ ಅಂದೆ. ಮನೆಯಲ್ಲಿ ಊಟ ಸರಿಹೊಂದಲಿಲ್ಲ ಅಂತ ಹೇಳಿದೆ.

ಊರಿಗೆ ಬಂದ ಮೇಲೆ ಆ ತಂಡದ ಇತಿಹಾಸ ಹುಡುಕಿ ಓದಿದೆ. ಹೋಗುವ ಮೊದಲು ಓದಬೇಕಿತ್ತು. 1997ರಲ್ಲಿ ವರ್ಲ್ಡ್ ಕಪ್ ಅರ್ಹತಾ ಪಂದ್ಯಗಳಲ್ಲಿ ಆರು ಮ್ಯಾಚ್ ಆಡಿ 59 ಗೋಲು ಹೊಡೆಸಿಕೊಂಡಿದ್ದರು. ತಾವು ಹೊಡೆದಿದ್ದು ಸೊನ್ನೆ. ಡಮಾಸ್ಕಸ್‌ನಲ್ಲಿ ಇರಾನ್ ಒಂದೇ ಪಂದ್ಯದಲ್ಲಿ 17 ಹೊಡೆದಿತ್ತು. ಬೇಬೆ ಆಗ ಶಾಲೆಯ ಹುಡುಗ ಇದ್ದಿರಬೇಕು. ಅದೇ ತಂಡ 2004ರಲ್ಲಿ ತಮ್ಮ ರಾಜಧಾನಿ ಮಾಲೆಯಲ್ಲಿ ದಕ್ಷಿಣ ಕೊರಿಯಾವನ್ನು 0-0ಗೆ ನಿಲ್ಲಿಸಿತು. ಎರಡು ವರ್ಷದ ಹಿಂದೆ ವರ್ಲ್ಡ್ ಕಪ್ ಸೆಮಿಫೈನಲ್ ಆಡಿದ್ದ ಕೊರಿಯಾ! ಆ ಡ್ರಾ ಆದ ಮೇಲೆ ಕೊರಿಯಾದ ಕೋಚ್ ಕೆಲಸವೇ ಹೋಯಿತು. 2008ರಲ್ಲಿ ಕೊಲಂಬೊದ ಸ್ಯಾಫ್ ಫೈನಲ್‌ನಲ್ಲಿ ಭಾರತವನ್ನು 1-0 ಸೋಲಿಸಿ ಮೊದಲ ಸಲ ಕಪ್ ಎತ್ತಿದರು. ಅಂದರೆ 2018ರದು ಎರಡನೇ ಸಲ. ನಾನು ಅದೇನೋ ಅದೃಷ್ಟದ ಆಟ ಅನ್ನುವ ಹಾಗೆ ಮಾತಾಡಿದ್ದೆ.

2023ರಲ್ಲಿ ಸ್ಯಾಫ್ ಕಪ್ ಬೆಂಗಳೂರಿಗೆ ಬಂತು, ಕಂಠೀರವ ಸ್ಟೇಡಿಯಂಗೆ. ಮಾಲ್ಡೀವ್ಸ್ ಭೂತಾನ್ ಮೇಲೆ 2-0 ಗೆದ್ದಿತು. ಬಾಂಗ್ಲಾದೇಶದ ಮೇಲಿನ ಪಂದ್ಯಕ್ಕೆ ನಾನು ದಾವಣಗೆರೆಯಿಂದ ರೈಲು ಹತ್ತಿ ಬಂದೆ. ಹಂಝಾ ಮೊಹಮ್ಮದ್ ಮೊದಲ ಗೋಲು ಹೊಡೆದಾಗ ಎದ್ದು ನಿಂತು ಕೂಗಿದೆ, ಹಿಂದಿನ ಸಾಲಿನವರು ವಿಚಿತ್ರವಾಗಿ ನೋಡಿದರು. ಆಮೇಲೆ ಬಾಂಗ್ಲಾ ಮೂರು ಹೊಡೆಯಿತು. 3-1. ಸ್ಟೇಡಿಯಂನ ಫೋಟೋ ಬೇಬೆಗೆ ಕಳಿಸಿದೆ. ವರ್ಷಗಳ ನಂತರದ ಮೊದಲ ಮೆಸೇಜ್. ಉತ್ತರ ಬಂತು: 'ಇದು ನಮ್ಮ ಬಿ ಟೀಮ್, ಸರ್.' ಜೊತೆಗೆ ನಗುವ ಮುಖ. ಕ್ಷಮಿಸಿದ್ದಾರೋ, ತಿವಿದಿದ್ದಾರೋ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು. ಆಮೇಲೆ ಹಬ್ಬಕ್ಕೊಮ್ಮೆ ಮೆಸೇಜ್ ಮಾಡುತ್ತೇವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾರ ಕಡೆ ಇರಬೇಕು ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಭಾರತದ ಕಡೆ ಇರಿ. ಜೆರ್ಸಿ ಹಾಕಿಕೊಂಡೇ ಹೋಗಿ. 2024ರ ಜನವರಿಯಲ್ಲಿ ಮೋದಿಯವರ ಲಕ್ಷದ್ವೀಪ ಪ್ರವಾಸವನ್ನು ಅಲ್ಲಿಯ ಉಪಮಂತ್ರಿಗಳು ಹೀಯಾಳಿಸಿದಾಗ ಎದ್ದ ಗಲಾಟೆ ಓದಿ ನೀವು ಹೆದರಿದ ಹಾಗಿದೆ. ಫೋನಿನಲ್ಲಿ ಕಾಣುವ ಮಾಲ್ಡೀವ್ಸ್ ಬೇರೆ, ಸಂಜೆ ಗ್ರೌಂಡಿನಲ್ಲಿ ಸಿಗುವ ಮಾಲ್ಡೀವ್ಸ್ ಬೇರೆ. ಬೆಂಗಳೂರು ಅಂದರೆ ಅವರಿಗೆ ಛೆಟ್ರಿಯ ಕ್ಲಬ್. 2020ರಲ್ಲಿ ಮಾಲೆಯ ಮಾಝಿಯಾ ತಂಡ ಬೆಂಗಳೂರು ಎಫ್‌ಸಿಯನ್ನು ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನಿಂದ ಪೆನಾಲ್ಟಿಯಲ್ಲಿ ಹೊರಹಾಕಿದ್ದನ್ನು ಮೊದಲ ದಿನವೇ ಹೇಳುತ್ತಾರೆ. 2021ರಲ್ಲಿ ಛೆಟ್ರಿ ಮಾಲೆಗೇ ಬಂದು ಎರಡು ಗೋಲು ಹೊಡೆದು 3-1 ಸೋಲಿಸಿದ್ದನ್ನು ನೀವು ಹೇಳಿ. ಇಬ್ಬರೂ ನಗಬಹುದು.

ಮಾಲ್ಡೀವ್ಸ್ ಅಭಿಮಾನಿ ಅಂತ ನಾಟಕ ಮಾಡಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಬೇರೆ ಉತ್ತರಗಳಲ್ಲಿ ಎರಡೂ ಕಡೆ ಚಪ್ಪಾಳೆ ಹೊಡೆಯಿರಿ ಅಂತ ಬರೆದಿದ್ದಾರೆ. ಅದು ಮದುವೆ ಮನೆಗೆ ಸರಿ, ಮ್ಯಾಚಿಗಲ್ಲ. 'ಚಿಕ್ಕ ದೇಶ ಆದ್ರೂ ಎಷ್ಟು ಚೆನ್ನಾಗಿ ಆಡ್ತೀರಾ' ಅನ್ನುವ ಹೊಗಳಿಕೆಯನ್ನೂ ನುಂಗಿಕೊಳ್ಳಿ. ನಾನು ಹೇಳಿದ ಮಾತಿನದೇ ತಂಗಿ ಅದು. ಅವರು ಸೋತಾಗ ಕಾಲೆಳೆಯಿರಿ, ಜೋಕ್ ಮಾಡಿ, ಕೋಚನ್ನು ಬೈಯಿರಿ. ಗೆದ್ದಾಗ ಮಾತ್ರ 'ಆದ್ರೆ' ಅಂತ ಬಾಯಿ ತೆರೆಯಬೇಡಿ. ಮಾರ್ಚ್ 2025ರಲ್ಲಿ ಶಿಲ್ಲಾಂಗ್‌ನಲ್ಲಿ ಭಾರತ 3-0 ಗೆದ್ದಿದೆ, ಹಾಗಾಗಿ ಮುಂದಿನ ಸಲ ಸೇಡು ತೀರಿಸಿಕೊಳ್ಳಲು ಅವರು ಕಾಯುತ್ತಿರುತ್ತಾರೆ. ಸೋತರೆ ಟೀ ಕೊಡಿಸಿ ಮನೆಗೆ ಹೋಗಿ ಮಲಗಿ.

ಸಂಬಳ, ರೂಮ್, ಏಜೆಂಟ್ ಕಮಿಷನ್ ಬಗ್ಗೆಯೂ ಕೇಳಿದ್ದೀರಿ. ಬೇರೆಯವರು ಚೆನ್ನಾಗಿ ಬರೆದಿದ್ದಾರೆ, ಓದಿಕೊಳ್ಳಿ. ಏಜೆಂಟ್‌ಗೆ ಮೊದಲೇ ದುಡ್ಡು ಕೊಡಬೇಡಿ ಅಂತ ಮಾತ್ರ ನಾನೂ ಹೇಳುತ್ತೇನೆ.

ಮತ್ತೊಂದು, ಕೀಪರ್ ಗ್ಲೌಸ್ ಇಲ್ಲಿಂದಲೇ ತೆಗೆದುಕೊಂಡು ಹೋಗಿ. ನಮ್ಮ ದ್ವೀಪದ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಮಾಲೆಯಿಂದ ತರಿಸಬೇಕಿತ್ತು. ಒಂದು ಸೈಜ್ ದೊಡ್ಡದೇ ಇರಲಿ, ಸೆಕೆಗೆ ಕೈ ಊದುತ್ತೆ.