ನೆಟ್‌, ಡಿಸಿಬಿ ತಃಖ್ತೆ, ಫೆಲೋಶಿಪ್‌: ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಂ.ಎ. ಸಾರ್ವಜನಿಕ ಆಡಳಿತದ ಎರಡನೇ ವರ್ಷದಲ್ಲಿದ್ದೇನೆ. ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಯುಜಿಸಿ ನೆಟ್ ಬರೆಯಲೋ, ಕೆ-ಸೆಟ್ ಸಾಕೋ? ನಾನು ಪ್ರವರ್ಗ 2ಎಗೆ ಸೇರಿದವಳು. ಮುಂದೆ ರಾಜ್ಯಶಾಸ್ತ್ರ ಉಪನ್ಯಾಸಕಿ ಹುದ್ದೆಗೂ ಅರ್ಜಿ ಹಾಕಬಹುದೇ?
– ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ

ಉತ್ತರ: ಎರಡನ್ನೂ ಬರೆಯಿರಿ. ಎರಡರ ಸ್ವರೂಪವೂ ಒಂದೇ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು 100 ಪ್ರಶ್ನೆ, 200 ಅಂಕ. ಒಟ್ಟು ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಹಾಗಾಗಿ ತಯಾರಿ ಒಂದೇ ಆದರೂ ಸಿಗುವ ಫಲ ಬೇರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆ-ಸೆಟ್ ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಕೊಡುತ್ತದೆ, ಅಷ್ಟೇ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ನೆಟ್ ಇಡೀ ದೇಶಕ್ಕೆ ಅನ್ವಯ. ಸಂಶೋಧನೆಗೆ ಕೊಡುವ ಕಿರಿಯ ಫೆಲೋಶಿಪ್ (ಜೆಆರ್‌ಎಫ್) ಸಿಗುವುದೂ ಅದರಲ್ಲೇ: ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. ಮನೆಯಲ್ಲಿ ಹಣದ ಅನುಕೂಲವಿಲ್ಲದವರಿಗೆ ಪಿಎಚ್‌.ಡಿ. ಸಾಧ್ಯವಾಗುವುದು ಬಹುಮಟ್ಟಿಗೆ ಈ ಹಣದಿಂದಲೇ. ಅದಕ್ಕಾಗಿಯೇ ನೆಟ್ ಬಿಡಬೇಡಿ ಎಂದು ಒತ್ತಿ ಹೇಳುತ್ತಿದ್ದೇವೆ.

ಜೂನ್ 2024ರಿಂದ ನೆಟ್ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದೆ: ಜೆಆರ್‌ಎಫ್ ಜೊತೆಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಜೊತೆಗೆ ಪಿಎಚ್‌.ಡಿ. ಪ್ರವೇಶ, ಪಿಎಚ್‌.ಡಿ. ಪ್ರವೇಶ ಮಾತ್ರ. ಕೊನೆಯ ಎರಡರಲ್ಲಿ ಪಿಎಚ್‌.ಡಿ. ಪ್ರವೇಶಕ್ಕೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಆ ಅಂಕ ಊರ್ಜಿತವಾಗಿರುವುದು ಒಂದೇ ವರ್ಷ. ಫಲಿತಾಂಶ ಬಂದ ಮೇಲೆ ಮಾರ್ಗದರ್ಶಕರನ್ನು ಹುಡುಕಲು ಹೊರಟವರ ವರ್ಷ ಹುಡುಕಾಟದಲ್ಲೇ ಮುಗಿದುಹೋಗುತ್ತದೆ. ನೀವು ಈಗಲೇ ಎರಡು ಪುಟದ ಸಂಶೋಧನಾ ಪ್ರಸ್ತಾವ ಬರೆದಿಟ್ಟುಕೊಳ್ಳಿ.

ನಿಮ್ಮ ಮಟ್ಟಿಗೆ ದೊಡ್ಡ ಅಪಾಯವಿರುವುದು ಜಾತಿ ಪ್ರಮಾಣಪತ್ರದಲ್ಲಿ. ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬುವು ರಾಜ್ಯದ ಪಟ್ಟಿಯವು. ಕೆ-ಸೆಟ್‌ಗೆ ಅವು ನಡೆಯುತ್ತವೆ, ನೆಟ್‌ಗೆ ನಡೆಯುವುದಿಲ್ಲ. ನೆಟ್‌ಗೆ ಬೇಕಾದದ್ದು ಕೇಂದ್ರ ಪಟ್ಟಿಯ ಒಬಿಸಿ, ಕೆನೆಪದರಕ್ಕೆ ಸೇರದವರು ಎಂಬ ಪ್ರಮಾಣಪತ್ರ. ಮೊದಲು ನಿಮ್ಮ ಜಾತಿ ಕೇಂದ್ರ ಪಟ್ಟಿಯಲ್ಲಿದೆಯೇ ಎಂದು ಹೆಸರಿನ ಕಾಗುಣಿತದ ಸಮೇತ ನೋಡಿ. ನಂತರ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ‘ಕೇಂದ್ರ ಸರ್ಕಾರದ ಉದ್ದೇಶಕ್ಕೆ’ ಎಂದು ಸ್ಪಷ್ಟವಾಗಿ ಕೇಳಿ, ಆಯಾ ಹಣಕಾಸು ವರ್ಷದ್ದನ್ನೇ ಪಡೆಯಿರಿ. 2ಎ ಪ್ರಮಾಣಪತ್ರವನ್ನು ನಂಬಿ ಒಬಿಸಿ ಎಂದು ತುಂಬಿ, ಕೊನೆಗೆ ದಾಖಲೆ ಪರಿಶೀಲನೆಯಲ್ಲಿ ಅರ್ಹತೆ ಕಳೆದುಕೊಳ್ಳುವ ಪರಿಸ್ಥಿತಿ ಯಾವ ವಿದ್ಯಾರ್ಥಿಗೂ ಬರಬಾರದು. ಎಂ.ಎ.ಯಲ್ಲಿ ಶೇ 55 ಬೇಕು; ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೇಂದ್ರದ ಒಬಿಸಿ, ಅಂಗವಿಕಲರು ಮತ್ತು ತೃತೀಯ ಲಿಂಗಿಗಳಿಗೆ ಶೇ 50. ಅಂತಿಮ ವರ್ಷದಲ್ಲಿದ್ದಾಗ ಬರೆದು ಅರ್ಹರಾದವರು ಫಲಿತಾಂಶದ ದಿನದಿಂದ ಎರಡು ವರ್ಷದೊಳಗೆ ಪದವಿ ಮುಗಿಸಬೇಕು. ಜೆಆರ್‌ಎಫ್‌ಗೆ ವಯೋಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ ಇದೆ.

ಭಾಷೆಯ ಮಾತು. ನೆಟ್‌ನಲ್ಲಿ ಸಾರ್ವಜನಿಕ ಆಡಳಿತದ ಸಂಕೇತ 14. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಓದಿದವರು ಸೋಲುವುದು ವಿಷಯ ಗೊತ್ತಿಲ್ಲದೆ ಅಲ್ಲ, ಪಾರಿಭಾಷಿಕ ಪದದ ಗುರುತು ಸಿಗದೆ. ಆಡಳಿತ ಚಿಂತಕ ಫಯೋಲ್‌ನ 14 ತತ್ವಗಳಲ್ಲಿ ‘ಯೂನಿಟಿ ಆಫ್ ಕಮಾಂಡ್’ ಎಂದರೆ ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ. ‘ಯೂನಿಟಿ ಆಫ್ ಡೈರೆಕ್ಷನ್’ ಎಂದರೆ ಒಂದೇ ಗುರಿಯ ಕೆಲಸಗಳಿಗೆ ಒಂದೇ ಯೋಜನೆ, ಒಬ್ಬನೇ ಮುಖ್ಯಸ್ಥ. ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರು ಬಹಳ. ಪ್ರತಿ ಘಟಕ ಮುಗಿದ ಕೂಡಲೇ ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆದ ಒಂದು ಹಾಳೆ ಮಾಡಿ. ಕಾಲಾನುಕ್ರಮದ ಪ್ರಶ್ನೆಗೆ ಚಿಂತಕರ ಮುಖ್ಯ ಬರಹ, ಸಮ್ಮೇಳನಗಳ ಇಷ್ಟು ಇಸವಿ ಬಾಯಲ್ಲಿರಲಿ: ವಿಲ್ಸನ್ 1887, ಟೇಲರ್ 1911, ಫಯೋಲ್ 1916, ಗುಲಿಕ್ ಮತ್ತು ಉರ್ವಿಕ್ 1937, ಬರ್ನಾರ್ಡ್ 1938, ಸೈಮನ್ 1947, ಮೊದಲ ಮಿನೋಬ್ರೂಕ್ ಸಮ್ಮೇಳನ 1968.

ಇನ್ನು ರಾಜ್ಯಶಾಸ್ತ್ರದ ಹುದ್ದೆ. ಯುಜಿಸಿಯ 2018ರ ನಿಯಮಾವಳಿ ಸ್ನಾತಕೋತ್ತರ ಪದವಿ ‘ಸಂಬಂಧಪಟ್ಟ ಅಥವಾ ಪೂರಕ’ ವಿಷಯದಲ್ಲಿದ್ದರೂ ಆಗುತ್ತದೆ ಎನ್ನುತ್ತದೆ. ಆದರೆ ಯಾವುದು ಪೂರಕ ಎಂದು ತೀರ್ಮಾನಿಸುವುದು ಆಯಾ ನೇಮಕಾತಿ ಪ್ರಾಧಿಕಾರ. ಪದವಿ ಕಾಲೇಜಿಗೆ ಒಂದು ನಿಯಮ, ಪಿಯು ಕಾಲೇಜಿಗೆ ಇನ್ನೊಂದು. ನಿಮ್ಮ ಅಂಕಪಟ್ಟಿಯ ಮೇಲೆ ‘ರಾಜ್ಯಶಾಸ್ತ್ರ ಮತ್ತು ಸಾರ್ವಜನಿಕ ಆಡಳಿತ’ ಎಂದಿದೆಯೋ, ಬರೀ ‘ಸಾರ್ವಜನಿಕ ಆಡಳಿತ’ ಎಂದಿದೆಯೋ ನೋಡಿ. ಎರಡನೆಯದಾದರೆ ಅಧಿಸೂಚನೆಯ ವಿದ್ಯಾರ್ಹತೆ ಕಲಂ ಓದದೆ ಶುಲ್ಕ ಕಟ್ಟಬೇಡಿ. ವಿಶ್ವವಿದ್ಯಾಲಯದ ಕುಲಸಚಿವರಿಂದ ತತ್ಸಮಾನ ಪ್ರಮಾಣಪತ್ರ ಸಿಗುವುದಾದರೆ ಅಧಿಸೂಚನೆ ಬರುವ ಮೊದಲೇ ತೆಗೆದಿಡಿ. ಕೊನೇ ದಿನಾಂಕದ ನಂತರದ ತಾರೀಖು ಇರುವ ಪತ್ರ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಗ್ರಾಮ ಪಂಚಾಯಿತಿಗಳ ತೆರಿಗೆ ವಸೂಲಿ ಬಗ್ಗೆ ಕಿರುಪ್ರಬಂಧ ಮಾಡುತ್ತಿದ್ದೇನೆ. ನಾಲ್ಕು ಪಂಚಾಯಿತಿ ಆರಿಸಿಕೊಂಡೆ. ಕಚೇರಿಗೆ ಹೋದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಸಲ್ಲಿಸಲು ಇನ್ನು ಐದು ತಿಂಗಳಿದೆ.
– ವಿದ್ಯಾರ್ಥಿ, ಹಾಸನ

ಉತ್ತರ: ಐದು ತಿಂಗಳು ಸಾಕು, ಆದರೆ ಈ ವಾರವೇ ಶುರುಮಾಡಬೇಕು. ಬರಿಗೈಯಲ್ಲಿ ಪಂಚಾಯಿತಿಗೆ ಹೋಗುವುದೇ ಮೊದಲ ತೊಡಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ನಿಮ್ಮ ಮೇಲೆ ಸಿಟ್ಟಿಲ್ಲ. ಲಿಖಿತ ಅನುಮತಿಯಿಲ್ಲದೆ ವಹಿ ತೋರಿಸಿದರೆ ನಾಳೆ ಯಾರು ಏನು ಕೇಳುತ್ತಾರೋ ಎಂಬ ಅಂಜಿಕೆ. ವಿಭಾಗದ ಮುಖ್ಯಸ್ಥರ ಸಹಿ ಮತ್ತು ಮೊಹರು ಇರುವ ಪತ್ರವನ್ನು ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಡಿ, ಪ್ರತಿಯನ್ನು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಡಿ. ಪತ್ರದಲ್ಲಿ ನಾಲ್ಕೂ ಪಂಚಾಯಿತಿಗಳ ಹೆಸರು, ಯಾವ ವರ್ಷಗಳ ಮಾಹಿತಿ, ಯಾವ ವಹಿ ಎಂಬುದಿರಲಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ನಿಮ್ಮ ಪ್ರತಿ ಹಿಡಿದು ಹೋದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಕೇಳಬೇಕಾದ ದಾಖಲೆ ಡಿಸಿಬಿ ತಃಖ್ತೆ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಇದನ್ನು ಓದುವಾಗ ಎಚ್ಚರ ಬೇಕು. ಒಂದು ಪಂಚಾಯಿತಿಗೆ ಹಿಂದಿನ ಬಾಕಿ ₹6 ಲಕ್ಷ, ಚಾಲ್ತಿ ಬೇಡಿಕೆ ₹4 ಲಕ್ಷ, ವಸೂಲಾದದ್ದು ₹5 ಲಕ್ಷ ಎಂದಿಟ್ಟುಕೊಳ್ಳಿ. ಚಾಲ್ತಿ ಬೇಡಿಕೆಗೆ ಹೋಲಿಸಿದರೆ ವಸೂಲಿ ಶೇ 125, ಒಟ್ಟು ಬೇಡಿಕೆಗೆ ಹೋಲಿಸಿದರೆ ಶೇ 50. ಒಂದು ಪಂಚಾಯಿತಿಗೆ ಒಂದು ಲೆಕ್ಕ, ಇನ್ನೊಂದಕ್ಕೆ ಇನ್ನೊಂದು ಲೆಕ್ಕ ಬೆರೆತರೆ ನಿಮ್ಮ ಹೋಲಿಕೆ ಕೋಷ್ಟಕ ಪೂರ್ತಿ ಸುಳ್ಳಾಗುತ್ತದೆ. ಶೇಕಡಾವಾರು ಅಂಕಿಯನ್ನು ಕಚೇರಿಯಿಂದ ತೆಗೆದುಕೊಳ್ಳಲೇಬೇಡಿ. ಮೂಲ ಮೊತ್ತಗಳನ್ನು ತಂದು ನೀವೇ ಲೆಕ್ಕ ಹಾಕಿ, ಬಾಕಿಯ ವಸೂಲಿ ಮತ್ತು ಚಾಲ್ತಿ ವಸೂಲಿಯನ್ನು ಬೇರೆಬೇರೆ ಕಾಲಂನಲ್ಲಿ ತೋರಿಸಿ.

ಇನ್ನೊಂದು ಮಾತು, ಇದನ್ನು ಹೆಚ್ಚಿನ ಪ್ರಬಂಧಗಳು ಮುಟ್ಟುವುದೇ ಇಲ್ಲ. ಬೇಡಿಕೆಯೇ ಕಡಿಮೆ ಇದ್ದರೆ ವಸೂಲಿ ಚೆನ್ನಾಗಿ ಕಾಣುತ್ತದೆ. ಹೊಸದಾಗಿ ಕಟ್ಟಿದ ಮನೆ, ಮೇಲಂತಸ್ತು, ಅಂಗಡಿ ತೆರಿಗೆ ನಿರ್ಧರಣೆಗೆ ಸೇರಿರುವುದಿಲ್ಲ. ಒಂದು ಬೀದಿ ಆರಿಸಿ, ಕರವಸೂಲಿಗಾರರ ಜೊತೆ ನಡೆದು, ಕಣ್ಣಿಗೆ ಕಂಡ ಕಟ್ಟಡಗಳನ್ನು ತೆರಿಗೆ ವಹಿಯ ಜೊತೆ ತಾಳೆ ಹಾಕಿ. ಮೂವತ್ತು ಆಸ್ತಿ ನೋಡಿದರೂ ನಿಮ್ಮ ಪ್ರಬಂಧಕ್ಕೆ ಸ್ವಂತದ ಒಂದು ಶೋಧ ಸಿಗುತ್ತದೆ. ಜೊತೆಗೆ ಲೆಕ್ಕಪರಿಶೋಧನಾ ವರದಿಯ ಆಕ್ಷೇಪಣೆಗಳನ್ನು ಓದಿ. ವರ್ಷಕ್ಕೊಮ್ಮೆ ನಡೆಯುವ ಪಂಚಾಯಿತಿ ಲೆಕ್ಕಪತ್ರಗಳ ತಪಾಸಣೆಯಾದ ಜಮಾಬಂದಿಯಲ್ಲಿ ವಹಿಗಳು ಸಾರ್ವಜನಿಕರ ಮುಂದೆ ಬರುತ್ತವೆ. ದಿನಾಂಕ ವಿಚಾರಿಸಿ ಹೋಗಿ.

ಆಗಲೂ ಮಾಹಿತಿ ಸಿಗದಿದ್ದರೆ ಮಾಹಿತಿ ಹಕ್ಕು. ಶುಲ್ಕ ₹10. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನು ಲೆಕ್ಕಿಸದೆ ಹನ್ನೆರಡು ಪ್ರಶ್ನೆ ತುಂಬಿದ ಅರ್ಜಿಗಳು ಹಾಗೇ ವಾಪಸ್ಸಾಗುತ್ತವೆ. ‘ವಸೂಲಿ ಏಕೆ ಕಡಿಮೆಯಾಗಿದೆ’ ಎಂದು ಕೇಳಬೇಡಿ. ಕಾರಣ ಎಂಬುದು ದಾಖಲೆಯಲ್ಲ. ಹೀಗೆ ಬರೆಯಿರಿ: ‘2021–22ರಿಂದ 2023–24ರವರೆಗಿನ ಕಟ್ಟಡ ಮತ್ತು ಖಾಲಿ ನಿವೇಶನ ತೆರಿಗೆಯ ವಾರ್ಷಿಕ ಡಿಸಿಬಿ ತಃಖ್ತೆಗಳ ದೃಢೀಕೃತ ನಕಲು ಒದಗಿಸುವುದು.’ ತೆರಿಗೆದಾರರ ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ಇಡೀ ಅರ್ಜಿ ತಿರಸ್ಕೃತವಾದೀತು. ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ತೀರ್ಮಾನಕ್ಕೆ 30ರಿಂದ 45 ದಿನ. ಅಲ್ಲಿಗೇ ಹೆಚ್ಚುಕಡಿಮೆ ಮೂರು ತಿಂಗಳು. ಅದಕ್ಕೇ ಈ ವಾರ ಎಂದದ್ದು.

ಪ್ರಶ್ನೆ: ಎಂ.ಎ. ಮುಗಿಯುವ ಮುಂಚೆ ಇಂಟರ್ನ್‌ಶಿಪ್ ಮಾಡಬೇಕೆಂದಿದೆ. ಎಲ್ಲಿ ಪ್ರಯತ್ನಿಸಲಿ, ಹೋದಲ್ಲಿ ಏನು ಕಲಿಯಲಿ?
– ವಿದ್ಯಾರ್ಥಿ, ಮೈಸೂರು

ಉತ್ತರ: ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಪ್ರತಿ ತಿಂಗಳ 1ರಿಂದ 10ರವರೆಗೆ ಆನ್‌ಲೈನ್ ಅರ್ಜಿ ತೆಗೆದುಕೊಳ್ಳುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಎರಡನೇ ಸೆಮಿಸ್ಟರ್ ಪರೀಕ್ಷೆ ಬರೆದಿರಬೇಕು, ಪದವಿಯಲ್ಲಿ ಶೇ 70 ಇರಬೇಕು. ಭತ್ಯೆ ಇಲ್ಲ, ದೆಹಲಿಯ ಖರ್ಚು ನಿಮ್ಮದೇ. ಸಂಸದರೊಬ್ಬರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಅನ್ನು ಶಾಸನಗಳ ಬಗ್ಗೆ ಸಂಶೋಧನೆ ಮಾಡುವ ಪಿಆರ್‌ಎಸ್ ಸಂಸ್ಥೆ ನಡೆಸುತ್ತದೆ. ಅಲ್ಲಿ ಭತ್ಯೆ ಇದೆ, ಯಾವುದೇ ಪದವಿ ಸಾಕು, ಆದರೆ ವಯಸ್ಸು 25 ಮೀರಿರಬಾರದು. ನೀವು ಮೈಸೂರಿನಲ್ಲೇ ಇದ್ದೀರಿ. ಆಡಳಿತ ತರಬೇತಿ ಸಂಸ್ಥೆ, ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ, ನಗರಾಭಿವೃದ್ಧಿ ಸಂಸ್ಥೆ ಮೂರೂ ನಿಮ್ಮೂರಲ್ಲೇ ಇವೆ. ವಿಭಾಗದ ಪತ್ರದೊಂದಿಗೆ ಅಲ್ಲಿ ಕೇಳಿ ನೋಡುವುದು ದೆಹಲಿಗೆ ಹೋಗುವಷ್ಟೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಎಲ್ಲಿಗೇ ಹೋಗಿ, ಸರ್ಕಾರಿ ಆದೇಶ ಓದುವುದನ್ನು ಕಲಿತು ಬನ್ನಿ. ‘ಓದಲಾಗಿದೆ’ ಎಂಬ ತಲೆಬರಹದ ಕೆಳಗೆ ಹಿಂದಿನ ಆದೇಶ, ಪತ್ರಗಳ ಸಂಖ್ಯೆ ಇರುತ್ತದೆ. ಒಂದು ಯೋಜನೆಯ ಚರಿತ್ರೆಯನ್ನು ಆ ಸಂಖ್ಯೆಗಳ ಜಾಡು ಹಿಡಿದೇ ಹಿಂದಕ್ಕೆ ಹೋಗಿ ಕಟ್ಟಬಹುದು. ‘ಪ್ರಸ್ತಾವನೆ’ಯಲ್ಲಿ ಕಾರಣ, ‘ಆದೇಶ’ದಲ್ಲಿ ತೀರ್ಮಾನ. ಕೊನೆಯಲ್ಲಿ ಆರ್ಥಿಕ ಇಲಾಖೆಯ ಸಹಮತಿಯ ಟಿಪ್ಪಣಿ ಸಂಖ್ಯೆ, ಲೆಕ್ಕ ಶೀರ್ಷಿಕೆ (ಹಣ ಯಾವ ಬಾಬ್ತಿನದು ಎಂಬ ಸಂಕೇತ) ಇವೆಯೇ ನೋಡಿ. ಹಣ ಬೇಡುವ ಆದೇಶದಲ್ಲಿ ಅವಿಲ್ಲದಿದ್ದರೆ ಘೋಷಣೆಯಾಗಿಯೂ ಹಣ ಬಿಡುಗಡೆಯಾಗದ ಯೋಜನೆಯೊಂದು ನಿಮ್ಮ ಕೈಲಿರಬಹುದು.

ಪ್ರಶ್ನೆ: ಯುಪಿಎಸ್‌ಸಿ, ಕೆಎಎಸ್ ಎರಡಕ್ಕೂ ನನ್ನ ವಿಷಯವಾದ ಸಾರ್ವಜನಿಕ ಆಡಳಿತವನ್ನೇ ಐಚ್ಛಿಕವಾಗಿ ತೆಗೆದುಕೊಳ್ಳಬಹುದೇ?
– ಓದುಗರು, ವಿಜಯಪುರ

ಉತ್ತರ: ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯ ಇಲ್ಲ, ಪ್ರಬಂಧ ಮತ್ತು ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳೇ ಅಂಕಕ್ಕೆ ಬರುತ್ತವೆ. ಯುಪಿಎಸ್‌ಸಿಯಲ್ಲಿ ಇದೆ: ತಲಾ 250 ಅಂಕದ ಎರಡು ಪತ್ರಿಕೆ, ಒಂದು ಆಡಳಿತ ಸಿದ್ಧಾಂತ, ಇನ್ನೊಂದು ಭಾರತೀಯ ಆಡಳಿತ. ಕನ್ನಡದಲ್ಲೂ ಬರೆಯಬಹುದು. ಎಂ.ಎ. ಟಿಪ್ಪಣಿಗಳನ್ನು ಹಾಗೆಯೇ ಇಳಿಸಿದರೆ ಅಂಕ ಬರುವುದಿಲ್ಲ. ಎರಡನೇ ಪತ್ರಿಕೆಯ ಉದಾಹರಣೆಯನ್ನು ಮೊದಲನೆಯದರಲ್ಲೂ, ಮೊದಲನೆಯದರ ಚಿಂತಕರನ್ನು ಎರಡನೆಯದರಲ್ಲೂ ತರಬೇಕು. ಎರಡನೇ ಆಡಳಿತ ಸುಧಾರಣಾ ಆಯೋಗದ 15 ವರದಿಗಳಿಂದ ಶಿಫಾರಸುಗಳನ್ನು ವಿಷಯವಾರು ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಮೂರು ವರ್ಷದ ಬಿ.ಎ., ಆಮೇಲೆ ಎಂ.ಎ. ಆಗಿದೆ. ನಾಲ್ಕು ವರ್ಷದಿಂದ ಸರ್ಕಾರಿ ನೌಕರಿಯಲ್ಲಿದ್ದೇನೆ. ವಿದೇಶದಲ್ಲಿ ಓದಲು ಪೂರ್ಣ ವಿದ್ಯಾರ್ಥಿವೇತನ ಸಿಕ್ಕೀತೇ?
– ಓದುಗರು, ಶಿವಮೊಗ್ಗ

ಉತ್ತರ: ಸಿಗುವ ಅವಕಾಶ ಇದೆ. ಅಮೆರಿಕಕ್ಕಾದರೆ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್. ಅದರ ವಿಷಯಗಳಲ್ಲಿ ಸಾರ್ವಜನಿಕ ಆಡಳಿತವೂ ಇದೆ. ಮೂರು ವರ್ಷದ ಬಿ.ಎ. ಒಂದೇ ಅಲ್ಲಿಗೆ ಸಾಲದು, ನಿಮ್ಮ ಎಂ.ಎ. ಆ ಕೊರತೆ ತುಂಬುತ್ತದೆ. ಕನಿಷ್ಠ ಶೇ 55 ಅಂಕ, ಮೂರು ವರ್ಷ ಪೂರ್ಣಾವಧಿ ಸಂಬಳದ ಕೆಲಸ ಬೇಕು. ಬ್ರಿಟನ್‌ಗಾದರೆ ಚೀವ್ನಿಂಗ್, ಒಂದು ವರ್ಷದ ಸ್ನಾತಕೋತ್ತರ ಪದವಿಗೆ. ಅಲ್ಲಿ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತಾರೆ, ಅರ್ಜಿ ಆಗಸ್ಟ್ ಸುಮಾರಿಗೆ ತೆರೆಯುತ್ತದೆ. ಎರಡರಲ್ಲೂ ಓದು ಮುಗಿಸಿ ಸ್ವದೇಶಕ್ಕೆ ಮರಳಬೇಕೆಂಬ ಷರತ್ತಿದೆ.

ನೌಕರಿಯಲ್ಲಿರುವವರಿಗೆ ಕಷ್ಟವಾಗುವುದು ನಿರಾಕ್ಷೇಪಣಾ ಪತ್ರ. ಅದು ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಇಲಾಖೆಗೆ ಹೋಗಿ ಬರಬೇಕು. ಅರ್ಜಿ ತೆರೆಯುವ ಆರು ತಿಂಗಳ ಮೊದಲೇ ಕೋರಿಕೆ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಅರ್ಜಿಯ ಪ್ರಬಂಧದಲ್ಲಿ ‘ಜನಸೇವೆಯ ಹಂಬಲ’ ಎಂದು ಬರೆಯುವ ಬದಲು ನೀವು ಕೈಯಾರೆ ಮಾಡಿದ ಒಂದು ಕೆಲಸವನ್ನು ಅಂಕಿಯ ಸಮೇತ ಬರೆಯಿರಿ: ಎಷ್ಟು ಅರ್ಜಿ ಬಾಕಿ ಇದ್ದವು, ಯಾವ ಹಂತದಲ್ಲಿ ನಿಂತಿದ್ದವು, ನೀವು ಏನು ಬದಲಿಸಿದಿರಿ, ಆಮೇಲೆ ಎಷ್ಟು ಉಳಿದವು. ಶಿಫಾರಸು ಪತ್ರ ಬರೆಯುವ ಮೇಲಧಿಕಾರಿಗೂ ಆ ಅಂಕಿಗಳ ಹಾಳೆಯನ್ನೇ ಕೊಡಿ.