ಆ 140 ಯೂರೊ ಮತ್ತು ನಮ್ಮ ಕೆಳಗಿನ ತೋಟ

ಪುಟ್ಟೀ, ನೈಟ್ ಡ್ಯೂಟಿ ಮುಗಿಸಿ ಬಂದು ನಿನ್ನ ಮೆಸೇಜ್ ಓದಿದೆ. ನೀನು ಡಬ್ಲಿನ್‌ಗೆ ಬಂದು ಎರಡು ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. "ಅಕ್ಕಾ, ಐರ್ಲೆಂಡ್ ಸರ್ಕಾರದ ಹತ್ರ ದುಡ್ಡು ಮಿಗ್ತಾ ಇದೆಯಂತೆ. ನಮ್ಮ ಸಂಬಳಕ್ಕೆ ಭಯ ಇಲ್ಲ ಅಲ್ವಾ? ಅಪ್ಪ ಊರಲ್ಲಿ ಮನೆ ಕಟ್ಟಿಸ್ತೀನಿ ಅಂತಿದ್ದಾರೆ, 40 ಲಕ್ಷ ಸಾಲ ತಗೊಳ್ಳಲಾ?" ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಪಿಂಚಣಿ, ಮಗುವಿಗೆ ಸಿಗೋ ದುಡ್ಡು.

ಚಿಕ್ಕವು ಮೊದಲು. ಬಾಡಿಗೆ ಜಾಸ್ತಿ, ಸದ್ಯಕ್ಕೆ ಇಳಿಯೋ ಹಾಗೆ ಕಾಣಲ್ಲ. ಪಿಂಚಣಿಗೆ ಕನಿಷ್ಠ 520 ವಾರ ಪಿಆರ್‌ಎಸ್‌ಐ, ಅಂದರೆ ಸಂಬಳದಿಂದ ಹಿಡಿಯೋ ಸಾಮಾಜಿಕ ವಿಮೆ ಕಂತು, ಕಟ್ಟಿರಬೇಕು, ಅಂದರೆ ಹತ್ತು ವರ್ಷ. ಮಗುವಿಗೆ ತಿಂಗಳಿಗೆ 140 ಯೂರೊ, ತಿಂಗಳ ಮೊದಲ ಮಂಗಳವಾರ ಖಾತೆಗೆ ಬೀಳುತ್ತದೆ.

ಆ 140 ಎಲ್ಲೆಲ್ಲಿ ಹೋಗಿ ಬಂತು ಕೇಳು. 2009ರಲ್ಲಿ ಅದು 166 ಇತ್ತು. 2010ಕ್ಕೆ 150, 2011ಕ್ಕೆ 140, 2013ಕ್ಕೆ 130. ಆಮೇಲೆ ಐದೈದು ಯೂರೊ ಏರಿ 2016ರಲ್ಲಿ ಮತ್ತೆ 140 ಆಯಿತು. ಅಲ್ಲಿಗೇ ನಿಂತಿದೆ. ಹಾಲು, ಬ್ರೆಡ್ಡು, ಕರೆಂಟು ಏರಿದರೂ ಇದು ಏರಿಲ್ಲ. ಎರಡು ಮೂರು ವರ್ಷ ಚಳಿಗಾಲದಲ್ಲಿ ಡಬಲ್ ಕೊಟ್ಟರು, ಅಷ್ಟೇ.

ಇಲ್ಲಿನ ಸರ್ಕಾರದ ಖರ್ಚು ನಮ್ಮ ತುಂಗೆ ಇದ್ದ ಹಾಗೆ ಕಣೇ. ಮಳೆಗಾಲದಲ್ಲಿ ದಡ ಮೀರುತ್ತದೆ, ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ. ನಾನು 2006ರಲ್ಲಿ ಬಂದಾಗ ತುಂಬಿದ ಹೊಳೆ. ನಾಲ್ಕು ಯೂರೊ ಉಳಿಸಿದವರಿಗೆ ಸರ್ಕಾರ ತಾನೇ ಒಂದು ಯೂರೊ ಸೇರಿಸಿ ಕೊಡುವ ಸ್ಕೀಮ್ ಒಂದಿತ್ತು. ಅದರ ದುಡ್ಡು ಆ ವರ್ಷ ಕೈಗೆ ಬರ್ತಾ ಇತ್ತು. ವಾರ್ಡ್‌ನಲ್ಲಿ ಟೀ ಕುಡಿಯುವಾಗ ಎಲ್ಲರ ಬಾಯಲ್ಲೂ ಹೊಸ ಕಾರು, ಹೊಸ ಅಡುಗೆಮನೆ. ಹಿರಿಯ ಸಿಸ್ಟರ್ ಒಬ್ಬರು ಮಾತ್ರ ಸುಮ್ಮನಿರುತ್ತಿದ್ದರು. ಅವರು 1987 ಕಂಡವರು. ಆಗ ದೇಶದ ಸಾಲ ಮಿತಿಮೀರಿತ್ತು, ಹಣಕಾಸು ಸಚಿವ ರೇ ಮ್ಯಾಕ್‌ಶ್ಯಾರಿ ಖರ್ಚು ಕತ್ತರಿಸಿದ್ದರು, ಆಸ್ಪತ್ರೆ ಹಾಸಿಗೆಗಳು ಮುಚ್ಚಿದ್ದವು. ಜೊತೆಗೆ ಓದಿದ ಹುಡುಗಿಯರೆಲ್ಲ ಲಂಡನ್, ಬಾಸ್ಟನ್ ಸೇರಿದರು ಅಂತ ಹೇಳುತ್ತಿದ್ದರು. ನಾನು ಹಳೇ ಕಥೆ ಅಂದುಕೊಂಡೆ.

2008ರ ಬೇಸಿಗೆಯಲ್ಲಿ ನನ್ನ ಅಪ್ಪನಿಗೆ ಹೇಳಿದೆ, ಮನೆ ಕಟ್ಟಿಸಿ, ಕಂತು ನನ್ನದು ಅಂತ. ತೋಟದ ಮೇಲೆ ಸಾಲ ಎತ್ತಿದರು. ನಾನು ಲೆಕ್ಕ ಹಾಕಿದ್ದು ಓವರ್‌ಟೈಮ್ ಸೇರಿಸಿ.

ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳು ಅಲುಗಾಡಿದವು. ಅವನ್ನು ಉಳಿಸೋಕೆ ಕೊನೆಗೆ ಸುಮಾರು 6,400 ಕೋಟಿ ಯೂರೊ ಹೋಯಿತು. ಮನೆ ಮಾರಾಟದಿಂದ ಬರುತ್ತಿದ್ದ ತೆರಿಗೆ ಒಣಗಿತು. 2010ರ ಕೊನೆಗೆ ದೇಶಕ್ಕೆ ಸಾಲ ಕೊಡೋಕೆ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ, ಬಂತು. ನಮಗೆ ಅದಕ್ಕಿಂತ ಮೊದಲೇ ಬಿಸಿ ತಟ್ಟಿತ್ತು. 2009ರ ಮಾರ್ಚ್ ಪೇಸ್ಲಿಪ್ ಇನ್ನೂ ಇಟ್ಟುಕೊಂಡಿದ್ದೀನಿ. ಹೊಸದೊಂದು ಸಾಲು, ಪೆನ್ಶನ್ ಲೆವಿ, ಪಿಂಚಣಿ ಹೆಸರಲ್ಲಿ ಸರ್ಕಾರಿ ನೌಕರರ ಸಂಬಳದಿಂದ ಹಿಡಿಯೋ ದುಡ್ಡು. 2010ರ ಜನವರಿಯಲ್ಲಿ ಮೂಲ ಸಂಬಳಕ್ಕೇ ಕತ್ತರಿ, ವರ್ಷದ ಸಂಬಳದ ಮೊದಲ 30,000 ಯೂರೊಗೆ ಶೇ. 5, ಅದರ ಮೇಲಿನದಕ್ಕೆ ಇನ್ನೂ ಜಾಸ್ತಿ. 2011ಕ್ಕೆ ಯುಎಸ್‌ಸಿ ಅನ್ನೋ ಹೊಸ ತೆರಿಗೆ. ಓವರ್‌ಟೈಮ್ ನಿಂತಿತು, ಬಿಟ್ಟು ಹೋದವರ ಜಾಗ ಖಾಲಿಯೇ ಉಳಿಯಿತು.

ಪ್ರತಿ ಭಾನುವಾರ ಅಪ್ಪ ಫೋನಿನಲ್ಲಿ "ಎಲ್ಲ ಸರಿ ಇದೆಯಾ ಮಗಾ" ಅಂತ ಕೇಳುತ್ತಿದ್ದರು. "ಚೆನ್ನಾಗಿದೆ ಅಪ್ಪಾ, ಈ ತಿಂಗಳು ಸ್ವಲ್ಪ ತಡ" ಅಂದೆ. ಮುಂದಿನ ತಿಂಗಳೂ ಅದನ್ನೇ ಅಂದೆ. ವಿದೇಶದಲ್ಲಿರೋ ಮಗಳು ಕೈ ಖಾಲಿ ಅಂತ ಹೇಗೆ ಹೇಳೋದು?

2011ರಲ್ಲಿ ಊರಿಗೆ ಹೋದೆ. ಬೆಳಗ್ಗೆ ವೀಳ್ಯದೆಲೆ ಕೊಯ್ಯೋಕೆ ಕೆಳಗಿನ ತೋಟಕ್ಕೆ ಇಳಿದರೆ ಹಳ್ಳದ ಹತ್ತಿರ ಹೊಸ ಬೇಲಿ. ಅಜ್ಜ ನೆಟ್ಟ ಅಡಿಕೆ ಮರಗಳು ಬೇಲಿಯ ಆಚೆ. ಅರ್ಧ ಎಕರೆ ಮಾರಿ ಕಂತು ಕಟ್ಟಿದ್ದರು. ನನಗೆ ಗೊತ್ತಾದರೆ ಬೇಜಾರು ಮಾಡ್ಕೋತೀನಿ ಅಂತ ಹೇಳಿರಲಿಲ್ಲ. ನಾನೂ ಅವರಿಗೆ ಹೇಳಿರಲಿಲ್ಲ. ಒಂದು ಮಾತು ಆಡಿದ್ದರೆ ಮೇಲಿನ ಅಂತಸ್ತು ಬಿಟ್ಟುಬಿಡುತ್ತಿದ್ದೆವು, ತೋಟ ಉಳಿಯುತ್ತಿತ್ತು. ಅಪ್ಪ ಈಗಿಲ್ಲ. ಮನೆ ಇದೆ, ಮೇಲಿನ ಕೋಣೆಗಳಿಗೆ ಬೀಗ.

ಕಡಿದ ಸಂಬಳ ಪೂರ್ತಿ ವಾಪಸ್ ಬರೋಕೆ ಸುಮಾರು ಹತ್ತು ವರ್ಷ ಹಿಡಿಯಿತು. ಆ ಲೆವಿ 2019ರಲ್ಲಿ ಹೆಸರು ಬದಲಿಸಿಕೊಂಡಿತು. ನಿನ್ನ ಪೇಸ್ಲಿಪ್‌ನಲ್ಲಿ ಎಎಸ್‌ಸಿ ಅಂತಿರುತ್ತದೆ ನೋಡು, ಅದೇ. ಯುಎಸ್‌ಸಿ ಕೂಡ ಉಳಿದುಕೊಂಡಿದೆ. ನಿನ್ನ ಬಾಡಿಗೆಯ ಬೇರೂ ಅಲ್ಲೇ ಇದೆ. ಸರ್ಕಾರ ಮನೆ ಕಟ್ಟಿಸೋ ಖರ್ಚನ್ನು ಎಷ್ಟು ಕಡಿಯಿತು ಅಂದರೆ, 2015ರಲ್ಲಿ ಇಡೀ ದೇಶದ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತಗಳು, ಸೇರಿ ಕಟ್ಟಿಸಿದ ಮನೆ ನೂರೂ ಇರಲಿಲ್ಲ.

ಈಗ ಮಿಗ್ತಿರೋ ದುಡ್ಡು ಕಂಪನಿ ತೆರಿಗೆಯದು. 2014ರಲ್ಲಿ ಅದು 500 ಕೋಟಿ ಯೂರೊಗೂ ಕಡಿಮೆ, 2024ರಲ್ಲಿ ಕೋರ್ಟ್ ತೀರ್ಪಿನಿಂದ ಆ್ಯಪಲ್ ಕಂಪನಿಯಿಂದ ಬಂದ ಹಳೇ ತೆರಿಗೆ ಬಾಕಿ ಬಿಟ್ಟೇ ಸುಮಾರು 2,800 ಕೋಟಿ. ಅರ್ಧಕ್ಕಿಂತ ಜಾಸ್ತಿ ಬರೋದು ಬರೀ ಹತ್ತು ಕಂಪನಿಗಳಿಂದ. ಈ ಸಲ ಸ್ವಲ್ಪ ಬುದ್ಧಿ ಬಂದಿದೆ, ಮುಂದಿನ ಕಾಲಕ್ಕೆ ಅಂತ ಎರಡು ನಿಧಿ ಮಾಡಿ ತೆಗೆದಿಡ್ತಿದ್ದಾರೆ. ನನಗೆ ಈ ದೇಶದ ಮೇಲೆ ಅಭಿಮಾನ ಇದೆ. ಬಿದ್ದು ಎದ್ದ ಜನ ಇವರು, ಆ ಕಷ್ಟದ ವರ್ಷಗಳಲ್ಲಿ ನಾವೂ ಜೊತೆಗೆ ನಿಂತು ದುಡಿದಿದ್ದೇವೆ. ಆದರೂ ಸಾಲ 40 ಲಕ್ಷ ಬೇಡ. ಬೇಸಿಕ್‌ನಲ್ಲಿ ಕೈಗೆ ಬರೋದರ ಮೇಲೆ ಮಾತ್ರ ಲೆಕ್ಕ ಹಾಕು, ನೈಟ್ ಅಲೋವೆನ್ಸ್ ಸೇರಿಸಬೇಡ. ನಿಮ್ಮ ಅಪ್ಪನಿಗೆ ಸಂಬಳ ಎಷ್ಟು, ಖರ್ಚು ಎಷ್ಟು ಅಂತ ಇವತ್ತೇ ಬಿಡಿಸಿ ಹೇಳು.

ಶನಿವಾರ ನನಗೆ ರಜೆ. ಪೇಸ್ಲಿಪ್ ತಗೊಂಡು ಊಟಕ್ಕೆ ಬಾ, ಕೂತು ಲೆಕ್ಕ ಮಾಡೋಣ.